ಮೀನಿನ ಮೈಮೇಲೆ ಬಿಳಿ ಚುಕ್ಕೆ: ಇಕ್ ರೋಗಕ್ಕೆ ಮನೆಯಲ್ಲೇ ಚಿಕಿತ್ಸೆ, ಮೊದಲಿಂದ ಕೊನೆವರೆಗೆ

ಇಕ್‌ಗೆ ಔಷಧಿ ಹಾಕುವವರಲ್ಲಿ ಮುಕ್ಕಾಲು ಪಾಲು ಜನ ಮಾಡುವ ತಪ್ಪು ಒಂದೇ. ಮೂರನೇ ದಿನಕ್ಕೆ ಚುಕ್ಕೆ ಮಾಯವಾಗುತ್ತದೆ, ‘ಅಬ್ಬಾ ವಾಸಿಯಾಯ್ತು’ ಅಂತ ಔಷಧಿ ನಿಲ್ಲಿಸುತ್ತಾರೆ. ವಾರ ಕಳೆಯುವುದರೊಳಗೆ ಚುಕ್ಕೆ ವಾಪಸ್ ಬರುತ್ತದೆ, ಈ ಸಲ ಮೈತುಂಬಾ. ಆಮೇಲೆ ಔಷಧಿ ಡೂಪ್ಲಿಕೇಟ್ ಅಂತ ಅಂಗಡಿಯವನನ್ನು ಬೈಯುತ್ತಾರೆ. ಔಷಧಿ ಸರಿಯಾಗಿಯೇ ಇತ್ತು. ಚುಕ್ಕೆ ಹೋಗಿದ್ದು ಔಷಧಿಯಿಂದಲೇ ಅಲ್ಲ, ಅಷ್ಟೇ.

ಇದು ಅರ್ಥವಾಗಬೇಕಾದರೆ ರೋಗಾಣುವಿನ ಬದುಕು ಸ್ವಲ್ಪ ಗೊತ್ತಿರಬೇಕು. ಐದು ನಿಮಿಷದ ಓದು. ದಯವಿಟ್ಟು ಈ ಭಾಗ ಬಿಟ್ಟು ನೇರ ಉಪ್ಪಿನ ಲೆಕ್ಕಕ್ಕೆ ಹಾರಬೇಡಿ.

ಚುಕ್ಕೆಯೊಳಗೆ ಇರುವುದು ಏನು

ಇದರ ಪೂರ್ತಿ ಹೆಸರು ಇಕ್ತಿಯೊಫ್ತಿರಿಯಸ್ ಮಲ್ಟಿಫಿಲೀಸ್. 1876ರಲ್ಲಿ ಫೂಕೆ ಎಂಬ ವಿಜ್ಞಾನಿ ಇದಕ್ಕೆ ಈ ಹೆಸರಿಟ್ಟ. ನಾವೆಲ್ಲ ಇಕ್ ಅಂತೀವಿ. ಇದು ಬ್ಯಾಕ್ಟೀರಿಯಾ ಅಲ್ಲ, ಫಂಗಸ್ ಅಲ್ಲ, ವೈರಸ್ಸೂ ಅಲ್ಲ. ಮೈಮೇಲೆ ಸಣ್ಣ ರೋಮಗಳಿರುವ ಏಕಕೋಶ ಜೀವಿ, ಸಿಹಿನೀರಿನ ಮೀನಿನ ಮೇಲೇ ಬದುಕುವ ಪರಾವಲಂಬಿ. ಕರಾವಳಿಯ ಸಿಗಡಿ ಕೃಷಿಕರು ಹೇಳುವ ಬಿಳಿಚುಕ್ಕೆ ರೋಗವೇ ಬೇರೆ, ಅದು ವೈರಸ್. ಹೆಸರು ಒಂದೇ ಅಂತ ಅದರ ಸಲಹೆ ಇದಕ್ಕೆ ತರಬೇಡಿ.

ಇಕ್‌ನ ಜೀವನದಲ್ಲಿ ಮೂರು ಹಂತ. ಮೊದಲನೆಯದು ಮೀನಿನ ಚರ್ಮದ ಒಳಗೆ. ಇಲ್ಲಿ ಅದು ಮೀನಿನ ಜೀವಕೋಶಗಳನ್ನು ತಿನ್ನುತ್ತಾ ಒಂದು ಮಿಲಿಮೀಟರ್‌ವರೆಗೂ ದಪ್ಪವಾಗುತ್ತದೆ. ನಮಗೆ ಕಾಣುವ ಬಿಳಿ ಚುಕ್ಕೆ ಇದೇ. ಮೇಲೆ ಮೀನಿನ ಚರ್ಮದ ಪದರವೇ ಮುಚ್ಚಿಕೊಂಡಿರುವುದರಿಂದ ನೀರಿಗೆ ಹಾಕಿದ ಔಷಧಿ ಇದನ್ನು ಮುಟ್ಟುವುದಿಲ್ಲ. ಎರಡನೇ ಹಂತದಲ್ಲಿ, ಹೊಟ್ಟೆ ತುಂಬಿದ ಮೇಲೆ, ಅದು ತಾನಾಗಿಯೇ ಚರ್ಮ ಒಡೆದು ಹೊರಬಂದು ಕೆಳಗೆ ಬೀಳುತ್ತದೆ. ಜಲ್ಲಿಗೋ ಎಲೆಗೋ ಗಾಜಿಗೋ ಅಂಟಿಕೊಂಡು ಸುತ್ತ ಒಂದು ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ನೂರಾರು ಮರಿಗಳಾಗುತ್ತವೆ, ಒಮ್ಮೊಮ್ಮೆ ಸಾವಿರದವರೆಗೂ. ಇಲ್ಲೂ ಔಷಧಿಯ ಆಟ ಅಷ್ಟಾಗಿ ನಡೆಯುವುದಿಲ್ಲ. ಮೂರನೇ ಹಂತದಲ್ಲಿ ಕೋಶ ಒಡೆದು ಮರಿಗಳು ನೀರಿಗೆ ಬರುತ್ತವೆ, ಮೀನು ಹುಡುಕಿಕೊಂಡು ಈಜುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ.

ಉಪ್ಪು, ಔಷಧಿ, ಯಾವುದೇ ಆಗಲಿ, ಕೊಲ್ಲುವುದು ಈ ಮೂರನೇ ಹಂತದ ಮರಿಗಳನ್ನು ಮಾತ್ರ.

ಈಗ ಮೂರನೇ ದಿನ ಚುಕ್ಕೆ ಮಾಯವಾದದ್ದು ಯಾಕೆ ಅಂತ ಗೊತ್ತಾಯ್ತಲ್ವಾ? ಹಣ್ಣಾಗಿ ಉದುರಿ ಕೆಳಗೆ ಬಿದ್ದಿದೆ. ಜಲ್ಲಿಯಲ್ಲಿ ಕೂತು ಮರಿ ಮಾಡುತ್ತಿದೆ. ಅವು ಹೊರಬರುವ ಹೊತ್ತಿಗೆ ನೀರಲ್ಲಿ ಔಷಧಿ ಇರಬೇಕು. ನಾವು ಸರಿಯಾಗಿ ಆಗಲೇ ನಿಲ್ಲಿಸಿರುತ್ತೇವೆ.

ಈ ಚಕ್ರ ಎಷ್ಟು ಬೇಗ ಸುತ್ತುತ್ತದೆ ಅನ್ನುವುದನ್ನು ನೀರಿನ ಬಿಸಿ ನಿರ್ಧರಿಸುತ್ತದೆ. 25 ಡಿಗ್ರಿಯಲ್ಲಿ ಸುಮಾರು ನಾಲ್ಕರಿಂದ ಆರು ದಿನ. ನೀರು ತಣ್ಣಗಾದಷ್ಟೂ ನಿಧಾನ, 10 ಡಿಗ್ರಿಯಲ್ಲಿ ತಿಂಗಳು ದಾಟುತ್ತದೆ. 30 ಡಿಗ್ರಿ ಮುಟ್ಟಿದರೆ ಹೆಚ್ಚಿನ ಇಕ್ ತಳಿಗಳಿಗೆ ಮರಿ ಮಾಡುವುದೇ ಕಷ್ಟ. ಕೆಲವು ತಳಿ ಬಿಸಿಗೂ ಜಗ್ಗುವುದಿಲ್ಲ, ಅದಕ್ಕೇ ಬಿಸಿಯೊಂದನ್ನೇ ನಂಬಿ ಕೂರಬಾರದು.

ಮೊದಲು ಇದು ಇಕ್ ಹೌದಾ ನೋಡಿ

ಟ್ಯಾಂಕಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಇಕ್ ಆದರೆ ಚಿರೋಟಿ ರವೆ ಉದುರಿಸಿದ ಹಾಗೆ ಬಿಡಿಬಿಡಿಯಾದ, ಸ್ವಲ್ಪ ಉಬ್ಬಿದ ಬಿಳಿ ಕಾಳು ಕಾಣುತ್ತವೆ. ಸಾಮಾನ್ಯವಾಗಿ ಬಾಲ ಮತ್ತು ಈಜುರೆಕ್ಕೆಯಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ, ಅಲ್ಲಿ ಚರ್ಮ ತೆಳು, ಪಾರದರ್ಶಕ. ಮೀನು ಜಲ್ಲಿಗೆ, ಹೀಟರಿಗೆ ಮೈ ಉಜ್ಜುತ್ತದೆ. ರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ನಿಲ್ಲುತ್ತದೆ.

ಮೋಸ ಹೋಗುವ ಜಾಗಗಳೂ ಇವೆ. ಗಂಡು ಗೋಲ್ಡ್‌ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಬಿಳಿ ಗುಳ್ಳೆ ಏಳುತ್ತವೆ. ಅದು ರೋಗವೇ ಅಲ್ಲ. ಆ ಎರಡು ಜಾಗ ಬಿಟ್ಟು ಬೇರೆಲ್ಲೂ ಇಲ್ಲ, ಮೀನು ಚುರುಕಾಗಿದೆ ಅಂದರೆ ಸುಮ್ನೆ ಬಿಡಿ. ಚುಕ್ಕೆ ತೀರಾ ಸಣ್ಣದಾಗಿ, ಚಿನ್ನದ ಪುಡಿ ಹಚ್ಚಿದಂತೆ ಟಾರ್ಚ್ ಬೆಳಕಿಗೆ ಹಳದಿ ಮಿನುಗಿದರೆ ಅದು ವೆಲ್ವೆಟ್, ಅದೂ ಪರಾವಲಂಬಿಯೇ ಆದರೂ ಬೇರೆ. ಹತ್ತಿಯಂತೆ ನೂಲು ನೂಲಾಗಿದ್ದರೆ ಫಂಗಸ್ ಅಥವಾ ಬ್ಯಾಕ್ಟೀರಿಯಾ. ಹೂಕೋಸಿನಂತೆ ಒಂದೇ ಕಡೆ ಗಂಟಾಗಿ ವಾರಗಟ್ಟಲೆ ಹಾಗೇ ಕೂತಿದ್ದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್ ರೋಗ ಇರಬಹುದು.

ಇನ್ನೊಂದು ವಿಷಯ. ಮೈಮೇಲೆ ಚುಕ್ಕೆಯೇ ಇಲ್ಲದೆ ಬರೀ ಕಿವಿರಿನಲ್ಲಿ ಇಕ್ ಇರಬಹುದು. ಮೀನು ಮೇಲೆ ಬಂದು ಬಾಯಿ ಬಿಡುತ್ತಾ, ಫಿಲ್ಟರ್ ನೀರು ಬೀಳುವ ಜಾಗದಲ್ಲೇ ನಿಲ್ಲುತ್ತಿದ್ದರೆ, ಜೊತೆಗಿರುವ ಮೀನಿಗೆ ಚುಕ್ಕೆ ಇದ್ದರೆ, ಇದಕ್ಕೂ ಬಂದಿದೆ ಅಂತಲೇ ಲೆಕ್ಕ. ಮೀನು ಸಾಯುವುದು ಹೆಚ್ಚಾಗಿ ಕಿವಿರು ಹಾಳಾಗಿ ಉಸಿರು ಕಟ್ಟಿ.

ಅದೇ ದಿನ ಮಾಡಬೇಕಾದ ಕೆಲಸ

ಚುಕ್ಕೆ ಬಂದ ಮೀನನ್ನು ಮಾತ್ರ ಹಿಡಿದು ಬೇರೆ ಡಬ್ಬಕ್ಕೆ ಹಾಕುವುದು ಎಲ್ಲರ ಮೊದಲ ಯೋಚನೆ. ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಜಲ್ಲಿಯಲ್ಲಿ ಕೋಶಗಳು ಕೂತಾಗಿದೆ, ಉಳಿದ ಮೀನುಗಳಿಗೂ ಮರಿ ಹತ್ತಿಯಾಗಿದೆ. ಇಡೀ ಟ್ಯಾಂಕಿಗೇ ಚಿಕಿತ್ಸೆ ಮಾಡಿ.

ಟ್ಯಾಂಕಿನಲ್ಲಿ ಸಿಗಡಿ, ಬಸವನಹುಳು ಅಥವಾ ದುಬಾರಿ ಗಿಡಗಳಿದ್ದರೆ ಉಲ್ಟಾ ಮಾಡಿ. ಒಂದೂ ಬಿಡದಂತೆ ಎಲ್ಲ ಮೀನುಗಳನ್ನೂ 40 ಲೀಟರಿನ ಪ್ಲಾಸ್ಟಿಕ್ ಟಬ್ಬಿಗೆ ತೆಗೆಯಿರಿ. ಓಡುತ್ತಿರುವ ಸ್ಪಾಂಜ್ ಫಿಲ್ಟರ್ ಇದ್ದರೆ ಅದನ್ನೂ ಟಬ್ಬಿಗೆ ಹಾಕಿ. ಚಿಕಿತ್ಸೆ ಅಲ್ಲಿ ನಡೆಯಲಿ. ಮೀನಿಲ್ಲದ ಟ್ಯಾಂಕಿನಲ್ಲಿ ಇಕ್ ಹೊಟ್ಟೆಗಿಲ್ಲದೆ ಸಾಯುತ್ತದೆ. ನೀರು 25 ಡಿಗ್ರಿ ಇದ್ದರೆ ಎರಡು ವಾರ ಖಾಲಿ ಬಿಟ್ಟರೆ ಸಾಕು, ತಣ್ಣಗಿದ್ದರೆ ಒಂದು ತಿಂಗಳು ಬಿಡಿ. ಒಂದು ಸಣ್ಣ ಗಪ್ಪಿ ಮರಿ ಗಿಡದ ಮರೆಯಲ್ಲಿ ಉಳಿದರೂ ಈ ಲೆಕ್ಕವೆಲ್ಲ ಕೆಟ್ಟಿತು.

ನೀರು ಬದಲಿಸಿ, ಮೂರನೇ ಒಂದು ಭಾಗ. ಸೈಫನ್ ಪೈಪಿನ ಬಾಯನ್ನು ಜಲ್ಲಿಯೊಳಗೆ ಚುಚ್ಚಿ ಚುಚ್ಚಿ ಎಳೆಯಿರಿ, ಕೋಶಗಳು ಕೂತಿರುವುದು ಅಲ್ಲೇ. ಹೊಸ ನೀರು ನಲ್ಲಿಯದ್ದಾದರೆ ಕ್ಲೋರಿನ್ ತೆಗೆಯಬೇಕು, ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕಿ. ಹೊಸ ನೀರಿನ ಬಿಸಿ ಟ್ಯಾಂಕಿನಷ್ಟೇ ಇರಲಿ. ಓವರ್‌ಹೆಡ್ ಟ್ಯಾಂಕಿನ ಬೆಳಗಿನ ತಣ್ಣೀರನ್ನು ಹಾಗೇ ಸುರಿಯುವುದೂ ಮೀನನ್ನು ಕುಗ್ಗಿಸುತ್ತದೆ. ಬೆಂಗಳೂರು, ಮೈಸೂರು ಕಡೆ ಡಿಸೆಂಬರ್, ಜನವರಿಯಲ್ಲಿ ಇಕ್ ಕಾಟ ಜಾಸ್ತಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ರಾತ್ರಿ 15–16 ಡಿಗ್ರಿಗೆ ಇಳಿದು ಹಗಲು 27 ಆಗುತ್ತದೆ. ಹೀಟರ್ ಇಲ್ಲದ ಸಣ್ಣ ಟ್ಯಾಂಕು ಅದರ ಜೊತೆಗೇ ಏರಿ ಇಳಿಯುತ್ತದೆ.

ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆದಿಡಿ, ಔಷಧಿ ಹೀರಿಬಿಡುತ್ತದೆ. ಏರ್ ಪಂಪ್ ಜೋರು ಮಾಡಿ. 25 ಡಿಗ್ರಿ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.6ಕ್ಕೆ ಇಳಿಯುತ್ತದೆ. ಕಿವಿರು ಮೊದಲೇ ಹಾಳಾದ ಮೀನಿಗೆ ಇಷ್ಟು ವ್ಯತ್ಯಾಸವೂ ದೊಡ್ಡದೇ.

ಬಿಸಿ ಏರಿಸುವುದು

ಹೀಟರನ್ನು ಒಂದೇ ಸಲ 30ಕ್ಕೆ ತಿರುಗಿಸಬೇಡಿ. ದಿನಕ್ಕೆ ಎರಡು ಮೂರು ಡಿಗ್ರಿಯಂತೆ ಏರಿಸಿ. ಹೀಟರಿನ ಮೇಲಿನ ಗುರುತನ್ನು ನಂಬಬೇಡಿ, ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಎರಡಕ್ಕೂ ತಾಳೆಯಾಗುವುದು ಅಪರೂಪ. ಸಾಮಾನ್ಯವಾಗಿ ಲೀಟರಿಗೆ ಒಂದು ವ್ಯಾಟ್ ಹೀಟರ್ ಅಂತ ಲೆಕ್ಕ. ಚಳಿಗಾಲದಲ್ಲಿ 22 ಡಿಗ್ರಿಯ ನೀರನ್ನು 30ಕ್ಕೆ ತರಬೇಕೆಂದರೆ 40 ಲೀಟರಿಗೆ 75 ಅಥವಾ 100 ವ್ಯಾಟ್ ಬೇಕಾಗುತ್ತದೆ. ನೀರು ಬದಲಿಸುವಾಗ ಪ್ಲಗ್ ಕಿತ್ತಿಡಿ. ಬಿಸಿ ಹೀಟರ್ ನೀರಿಂದ ಹೊರಗುಳಿದರೆ ಗಾಜು ಒಡೆಯುತ್ತದೆ, ಶಾಕ್ ಹೊಡೆಯುವ ಭಯವೂ ಇದೆ. ಕರೆಂಟ್ ಜಾಸ್ತಿ ಹೋಗುವ ಕಡೆ ಟ್ಯಾಂಕಿನ ಮೂರು ಬದಿಗೆ ಥರ್ಮಾಕೋಲ್ ಹಾಳೆ ಕಟ್ಟಿ, ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಗೋಲ್ಡ್‌ಫಿಶ್‌ಗೆ ಈ ಬಿಸಿ ಬೇಡ. ಅದು ತಣ್ಣೀರಿನ ಮೀನು. ಅದಕ್ಕೆ ಉಪ್ಪೇ ಮದ್ದು, ಚಿಕಿತ್ಸೆಯ ದಿನಗಳು ಮಾತ್ರ ಸ್ವಲ್ಪ ಜಾಸ್ತಿ ಬೇಕು. ಡಿಸ್ಕಸ್, ಬೆಟ್ಟಾ, ಏಂಜೆಲ್, ಗುರಾಮಿ, ಗಪ್ಪಿ, ಮೋಲಿ ಇವಕ್ಕೆಲ್ಲ ಕೆಲವು ದಿನ 30 ಡಿಗ್ರಿ ತೊಂದರೆಯಿಲ್ಲ. ಮಂಗಳೂರು ಕಡೆಯವರಿಗೆ ಏಪ್ರಿಲ್‌ನಲ್ಲಿ ಹೀಟರೇ ಬೇಕಾಗಲಿಕ್ಕಿಲ್ಲ, ಮೊದಲು ಥರ್ಮಾಮೀಟರ್ ನೋಡಿ.

ಬಿಸಿ ಏರಿಸಿದ ಮೇಲೆ ಬಾಯಿ ಸುತ್ತ, ಬೆನ್ನಿನ ಮೇಲೆ ಬೂದು ಬಿಳುಪಿನ ಪೊರೆ ಕಾಣಿಸಿದರೆ ನಿಲ್ಲಿಸಿ. ಕಾಲಂನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ ಬಿಸಿ ಎಂದರೆ ಹಬ್ಬ. ನಿಧಾನವಾಗಿ 25–26ಕ್ಕೆ ಇಳಿಸಿ ಉಪ್ಪು ಮುಂದುವರಿಸಿ.

ಉಪ್ಪಿನ ಲೆಕ್ಕ

ನನ್ನ ಮಟ್ಟಿಗೆ ಮೊದಲ ಆಯ್ಕೆ ಉಪ್ಪೇ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಎಷ್ಟು ಹಾಕಿದ್ದೇವೆ ಅನ್ನುವುದು ಖಚಿತ. ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲು ಬೇರೆ ಪದಾರ್ಥ ಬೆರೆಸಿರುತ್ತಾರೆ, ಅದರ ಬದಲು ಏನೂ ಸೇರಿಸದ ಕಲ್ಲುಪ್ಪು ತನ್ನಿ. ಅಯೋಡಿನ್ ಬಗ್ಗೆ ಜನ ಹೆದರುವಷ್ಟು ಹೆದರಬೇಕಿಲ್ಲ, ಅದು ತೀರಾ ಕಡಿಮೆ ಇರುತ್ತದೆ.

ಟ್ಯಾಂಕಿನಲ್ಲಿ ನಿಜಕ್ಕೂ ಎಷ್ಟು ನೀರಿದೆ ಅಂತ ಮೊದಲು ಲೆಕ್ಕ ಹಾಕಿ. ಎರಡು ಅಡಿ ಟ್ಯಾಂಕ್ ಅಂತಿಟ್ಟುಕೊಳ್ಳೋಣ, ಉದ್ದ 60 ಸೆಂಟಿಮೀಟರ್, ಅಗಲ 30, ಎತ್ತರ 30. ಅಂಗಡಿಯವರು 54 ಲೀಟರ್ ಅಂತಾರೆ, 60×30×30 ಅನ್ನು ಸಾವಿರದಿಂದ ಭಾಗಿಸಿದರೆ ಬರುವುದೂ ಅಷ್ಟೇ. ಆದರೆ ನೀವು ಅಂಚಿನವರೆಗೆ ತುಂಬಿಸಿಲ್ಲ. ನೀರು ನಿಂತಿರುವುದು 25 ಸೆಂಟಿಮೀಟರ್ ಅಂದರೆ 45 ಲೀಟರ್. ಜಲ್ಲಿ, ಕಲ್ಲು, ಆಟಿಕೆ ಕೋಟೆ ಎಲ್ಲ ಕಳೆದರೆ 40 ಉಳಿಯುತ್ತದೆ. 54ರ ಲೆಕ್ಕದಲ್ಲಿ ಔಷಧಿ ಹಾಕಿದ್ದರೆ ಮೂರನೇ ಒಂದು ಪಾಲಿಗೂ ಹೆಚ್ಚು ಜಾಸ್ತಿ ಬೀಳುತ್ತಿತ್ತು.

ಮಾಮೂಲಿ ಮೀನುಗಳಿಗೆ ಲೀಟರಿಗೆ 2 ಗ್ರಾಂ. 40 ಲೀಟರಿಗೆ 80 ಗ್ರಾಂ. ಚಮಚದಲ್ಲಿ ಅಳೆಯಬೇಡಿ, ಕಲ್ಲುಪ್ಪಿನ ಹರಳು ಒಂದೊಂದು ಒಂದೊಂದು ಗಾತ್ರ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 40 ಗ್ರಾಂ ಅನ್ನು ಒಂದು ಜಗ್ ಟ್ಯಾಂಕ್ ನೀರಿನಲ್ಲಿ ಪೂರ್ತಿ ಕರಗಿಸಿ, ಫಿಲ್ಟರ್ ನೀರು ಬೀಳುವ ಕಡೆ ನಿಧಾನವಾಗಿ ಸುರಿಯಿರಿ. ಹನ್ನೆರಡು ಗಂಟೆ ಬಿಟ್ಟು ಉಳಿದ 40 ಗ್ರಾಂ. ಕರಗದ ಹರಳು ಮೀನಿನ ಮೈಮೇಲೆ ಬಿದ್ದರೆ ಸುಡುತ್ತದೆ.

ಗೋಲ್ಡ್‌ಫಿಶ್, ಗಪ್ಪಿ, ಮೋಲಿ, ಪ್ಲಾಟಿ 3 ಗ್ರಾಂವರೆಗೂ ತಡೆಯುತ್ತವೆ. ಕೋರಿಡೋರಸ್, ಲೋಚ್, ಮೈಯಲ್ಲಿ ಹುರುಪೆ ಇಲ್ಲದ ಬೆಕ್ಕುಮೀನುಗಳು ಸೂಕ್ಷ್ಮ. ಅವಿದ್ದರೆ 1 ಗ್ರಾಂಗೆ ನಿಲ್ಲಿಸಿ, ಬಿಸಿಯ ಮೇಲೆ ಹೆಚ್ಚು ಭಾರ ಹಾಕಿ. ಕ್ಲೌನ್ ಲೋಚ್‌ಗೆ ಇಕ್ ಬೇರೆಲ್ಲ ಮೀನಿಗಿಂತ ಮೊದಲೇ ಹಿಡಿಯುತ್ತದೆ, ಔಷಧಿಯೂ ಅದಕ್ಕೇ ಕಷ್ಟ. ಪಾಪದ ಮೀನು.

ಈಗ ಎಲ್ಲರೂ ತಪ್ಪುವ ಜಾಗ. ಉಪ್ಪು ಆವಿಯಾಗಿ ಹೋಗುವುದಿಲ್ಲ. ನೀರು ಆರಿ ಕಡಿಮೆಯಾದರೆ ಬರೀ ನೀರು ಸೇರಿಸಿ, ಉಪ್ಪು ಬೇಡ. 10 ಲೀಟರ್ ಹೊರಗೆ ತೆಗೆದು 10 ಲೀಟರ್ ಹೊಸದು ಹಾಕಿದರೆ ಮಾತ್ರ ಆ ಹತ್ತು ಲೀಟರಿನ 20 ಗ್ರಾಂ ಉಪ್ಪು ಸೇರಿಸಿ. ಒಂದು ಚೀಟಿಯಲ್ಲಿ ಬರೆದು ಟ್ಯಾಂಕಿಗೆ ಅಂಟಿಸಿ. ಮನೆಯಲ್ಲಿ ಇಬ್ಬರು ಮೂವರು ಟ್ಯಾಂಕ್ ನೋಡಿಕೊಳ್ಳುವವರಿದ್ದರೆ ಈ ಚೀಟಿ ಇಲ್ಲದೆ ಆಗುವುದೇ ಇಲ್ಲ.

ಔಷಧಿ ಯಾವಾಗ

ಉಪ್ಪು ಮತ್ತು ಬಿಸಿ ಐದಾರು ದಿನ ನಡೆದ ಮೇಲೂ ಚುಕ್ಕೆ ಏರುತ್ತಲೇ ಇದ್ದರೆ, ಅಥವಾ ಮೊದಲ ದಿನವೇ ಮೈತುಂಬಾ ಇದ್ದರೆ, ಔಷಧಿಗೆ ಹೋಗಿ. ಇಕ್‌ಗೆ ಅಂತ ಮಾರುವ ಹೆಚ್ಚಿನ ಸೀಸೆಗಳಲ್ಲಿ ಇರುವುದು ಮಲಾಕೈಟ್ ಗ್ರೀನ್, ಕೆಲವದರಲ್ಲಿ ಜೊತೆಗೆ ಫಾರ್ಮಲಿನ್. ಸೀಸೆಯ ಮೇಲಿನ ಪ್ರಮಾಣವನ್ನು 40 ಲೀಟರಿನ ಲೆಕ್ಕಕ್ಕೇ ಹಾಕಿ. ಟೆಟ್ರಾ, ಲೋಚ್ ಇದ್ದರೆ ಅರ್ಧ ಪ್ರಮಾಣ. ಪ್ರತಿ ಸಲ ಹಾಕುವ ಮುಂಚೆ ಕಾಲು ಭಾಗ ನೀರು ಬದಲಿಸಿ. ಬೆಳಕಿಗೆ ಮಲಾಕೈಟ್ ಗ್ರೀನ್ ಬೇಗ ಒಡೆಯುತ್ತದೆ, ಹಾಗಾಗಿ ಸಂಜೆ ಹಾಕಿ ಲೈಟ್ ಆರಿಸಿ. ನೀರು ಶುದ್ಧ ಮಾಡುವ ಯುವಿ ದೀಪ ಇದ್ದರೆ ಅದನ್ನೂ ಆರಿಸಿ.

ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮಲಾಕೈಟ್ ಗ್ರೀನ್ ಮೈಗೆ ಒಳ್ಳೆಯದಲ್ಲ, ತಿನ್ನುವ ಮೀನಿಗೆ ಇದನ್ನು ಬಳಸುವಂತೆಯೇ ಇಲ್ಲ. ಟ್ಯಾಂಕಿನ ಸಿಲಿಕೋನ್ ಅಂಚು ಹಸಿರಾಗುತ್ತದೆ, ಆಮೇಲೆ ಹೋಗುವುದಿಲ್ಲ. ಫಾರ್ಮಲಿನ್ ನೀರಿನ ಆಮ್ಲಜನಕ ಕಡಿಮೆ ಮಾಡುತ್ತದೆ, ಬಿಸಿ ನೀರಲ್ಲಿ ಮೀನಿಗೆ ಇನ್ನೂ ಕಷ್ಟ. ಅದನ್ನು ಹಾಕುವುದಾದರೆ ನೀರನ್ನು 27 ಡಿಗ್ರಿಯ ಆಸುಪಾಸಿಗೆ ಇಳಿಸಿ. ತಾಮ್ರ ಇರುವ ಔಷಧಿ ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಮೆಥಿಲೀನ್ ಬ್ಲೂ ಇಕ್‌ಗೆ ಅಷ್ಟು ಗಟ್ಟಿ ಔಷಧಿಯಲ್ಲ, ಮೇಲಾಗಿ ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯಾವನ್ನು ಹಾಳು ಮಾಡುತ್ತದೆ. ಎರಡು ಸೀಸೆ ಒಟ್ಟಿಗೆ ಬೆರೆಸುವುದಂತೂ ಬೇಡವೇ ಬೇಡ.

ನಮ್ಮ ಕಡೆ ಇನ್ನೊಂದು ಅಭ್ಯಾಸ ಇದೆ, ಮೀನಿಗೆ ಏನೇ ಆದರೂ ಮೆಡಿಕಲ್ ಸ್ಟೋರಿನಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ಬಿಚ್ಚಿ ಸುರಿಯುವುದು. ಅದು ಬ್ಯಾಕ್ಟೀರಿಯಾದ ಮದ್ದು. ಇಕ್ ಬ್ಯಾಕ್ಟೀರಿಯಾ ಅಲ್ಲ. ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಏರಿ ಇದ್ದ ಮೀನೂ ಹೋಗುತ್ತದೆ, ಅಷ್ಟೇ ಲಾಭ. ಅರಿಶಿನ ಹಾಕಿ ಅನ್ನುವವರಿಗೂ ಕೊರತೆಯಿಲ್ಲ. ಅಡುಗೆ ಅರಿಶಿನ ನೀರಲ್ಲಿ ಕರಗುವುದಿಲ್ಲ, ಪುಡಿ ತೇಲಿ ನೀರು ಕೆಡುತ್ತದೆ, ಕಿವಿರಿಗೆ ಕಿರಿಕಿರಿ.

ಎಷ್ಟು ದಿನ

30 ಡಿಗ್ರಿಯಲ್ಲಿ ಉಪ್ಪಿನ ಜೊತೆ ಕನಿಷ್ಠ ಹತ್ತು ದಿನ. 25–26ರಲ್ಲಿ ಎರಡು ವಾರ. ತಣ್ಣೀರಿನ ಗೋಲ್ಡ್‌ಫಿಶ್ ಟ್ಯಾಂಕಿಗೆ ಮೂರು ವಾರ, ಅದಕ್ಕಿಂತ ಕಡಿಮೆ ಬೇಡ. ಇದರ ಜೊತೆ ಇನ್ನೊಂದು ನಿಯಮ ಸೇರಿಸಿ. ಕೊನೆಯ ಚುಕ್ಕೆ ಕಂಡ ದಿನದಿಂದ ಪೂರ್ತಿ ಒಂದು ವಾರ ಮುಂದುವರಿಸಿ, ಗೋಲ್ಡ್‌ಫಿಶ್ ಆದರೆ ಎರಡು ವಾರ. ಎಂಟನೇ ದಿನ ಒಂದು ಚುಕ್ಕೆ ಕಂಡರೆ ಹತ್ತಕ್ಕೆ ನಿಲ್ಲುವಂತಿಲ್ಲ, ಹದಿನೈದಕ್ಕೆ ಹೋಗಬೇಕು. ಸೀಸೆಯ ಔಷಧಿಯಾದರೂ ಇದೇ ಲೆಕ್ಕ, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಮಾತ್ರ ಸೀಸೆಯ ಮೇಲಿನ ಚೀಟಿ ನೋಡಿ ಪಾಲಿಸಿ.

ಎರಡನೇ ಮೂರನೇ ದಿನ ಚುಕ್ಕೆ ಜಾಸ್ತಿಯಾದಂತೆ ಕಾಣಬಹುದು. ಗಾಬರಿ ಬೇಡ. ಚಿಕಿತ್ಸೆಗೆ ಮುಂಚೆಯೇ ಚರ್ಮ ಹೊಕ್ಕಿದ್ದ ಮರಿಗಳು ಈಗ ದಪ್ಪವಾಗಿ ಕಾಣುತ್ತಿವೆ, ಬಿಸಿಗೆ ಬೇಗ ಬೆಳೆಯುತ್ತಿವೆ. ಆಗ ಡೋಸ್ ದುಪ್ಪಟ್ಟು ಮಾಡುವವರು ಮೀನು ಕಳೆದುಕೊಳ್ಳುತ್ತಾರೆ.

ಈ ದಿನಗಳಲ್ಲಿ ಊಟ ಅರ್ಧಕ್ಕೆ ಇಳಿಸಿ. ಎರಡು ದಿನಕ್ಕೊಮ್ಮೆ ಜಲ್ಲಿ ಸೈಫನ್ ಮಾಡಿ, ಆದರೆ ತಿಂಗಳ ಸ್ವಚ್ಛತೆ ಅಂತ ಇಡೀ ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಡಿ, ಸ್ಪಾಂಜನ್ನು ನಲ್ಲಿ ನೀರಲ್ಲಿ ಹಿಂಡಬೇಡಿ. ಅಮೋನಿಯಾ ಟೆಸ್ಟ್ ಕಿಟ್ ಇದ್ದರೆ ಮೂರು ದಿನಕ್ಕೊಮ್ಮೆ ನೋಡಿ. ಸತ್ತ ಮೀನನ್ನು ತಕ್ಷಣ ತೆಗೆಯಿರಿ, ಮೀನು ಸತ್ತ ಕೂಡಲೇ ಅದರ ಮೈಮೇಲಿನ ಇಕ್ ಇಳಿದು ಮರಿ ಮಾಡಲು ಹೊರಡುತ್ತದೆ. ಅದನ್ನು ಮಣ್ಣಲ್ಲಿ ಹೂಳಿ, ಕೆರೆಗೆ ಹಾಕಬೇಡಿ. ಅಕ್ವೇರಿಯಂ ನೀರೂ ಕೆರೆಗೆ ಹೋಗಬಾರದು. ಕಟ್ಲಾ, ರೋಹುಗೂ ಇದೇ ಇಕ್ ಹಿಡಿಯುತ್ತದೆ.

ಮುಗಿದ ಮೇಲೆ

ಬಿಸಿಯನ್ನು ದಿನಕ್ಕೆ ಒಂದೆರಡು ಡಿಗ್ರಿ ಇಳಿಸಿ. ಉಪ್ಪು ತೆಗೆಯಲು ವಾರಕ್ಕೆರಡು ಸಲ ಕಾಲು ಭಾಗ ನೀರನ್ನು ಉಪ್ಪಿಲ್ಲದ ನೀರಿನಿಂದ ಬದಲಿಸುತ್ತಾ ಬನ್ನಿ. ಔಷಧಿ ಹಾಕಿದ್ದರೆ ಈಗ ಹೊಸ ಕಾರ್ಬನ್ ಇಡಿ. ಬದುಕಿ ಉಳಿದ ಮೀನುಗಳಿಗೆ ಇಕ್ ವಿರುದ್ಧ ಸ್ವಲ್ಪ ಕಾಲ ರೋಗನಿರೋಧಕ ಶಕ್ತಿ ಇರುತ್ತದೆ. ಅದಕ್ಕೇ ಕೆಲವೊಮ್ಮೆ ಹಳೆ ಮೀನು ಚೆನ್ನಾಗಿದ್ದು ಹೊಸದಾಗಿ ತಂದದ್ದಕ್ಕೆ ಮಾತ್ರ ಚುಕ್ಕೆ ಏಳುತ್ತದೆ.

ಹೊಸ ಮೀನಿನ ಮಾತು ಬಂದಾಗ, ನಮ್ಮ ಅಂಗಡಿಗಳ ಬಹಳಷ್ಟು ಮೀನು ಚೆನ್ನೈನ ಕೊಳತ್ತೂರು, ಕೋಲ್ಕತ್ತ ಕಡೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಕೂತು ಬರುತ್ತದೆ. ದಾರಿಯ ಸುಸ್ತು, ನೀರು ಬದಲಾವಣೆ, ಅಂಗಡಿಯ ತುಂಬಿದ ಟ್ಯಾಂಕು. ಇಕ್ ಹಿಡಿಯಲು ಇನ್ನೇನು ಬೇಕು? ಲೋಡ್ ಬಂದ ದಿನವೇ ಕೊಳ್ಳಬೇಡಿ, ಒಂದು ವಾರ ಬಿಟ್ಟು ಹೋಗಿ. ಒಂದೇ ಒಂದು ಮೀನಿಗೆ ಚುಕ್ಕೆ ಕಂಡರೂ ಆ ಟ್ಯಾಂಕಿನ ಯಾವ ಮೀನೂ ಬೇಡ. ಮನೆಗೆ ತಂದ ಮೇಲೆ ಮೂರು ನಾಲ್ಕು ವಾರ ಬೇರೆ ಟಬ್ಬಿನಲ್ಲಿಡಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ. ಟಬ್ಬಿಗೆ ಬೇರೆ ಬಲೆ, ಬೇರೆ ಬಕೆಟ್. ಒಂದೇ ಬಲೆ ಇದ್ದರೆ ಬಿಸಿಲಿಗೆ ಹಾಕಿ ಗರಿಗರಿ ಒಣಗಿಸಿ, ಪೂರ್ತಿ ಒಣಗಿದರೆ ಇಕ್ ಉಳಿಯುವುದಿಲ್ಲ. ಮೀನಿದ್ದ ಟ್ಯಾಂಕಿನಿಂದ ತಂದ ಗಿಡವನ್ನೂ ಎರಡು ವಾರ ಮೀನಿಲ್ಲದ ಬಕೆಟ್ಟಿನಲ್ಲಿ ಕಿಟಕಿ ಪಕ್ಕ ಇಟ್ಟು ಆಮೇಲೆ ನೆಡಿ.